ಮನುಷ್ಯಾಕೃತಿಯ ಪಾಠ: ನಂದಲಾಲ್ ಬೋಸರ ಬದುಕು ಮತ್ತು ಬೋಧನೆ

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ನಂದಲಾಲ್ ಬೋಸರ (1882-1966) ಹೆಸರು ಸಾಮಾನ್ಯವಾಗಿ ಎರಡು ಕಾರಣಗಳಿಗಾಗಿ ನೆನಪಾಗುತ್ತದೆ. ಭಾರತ ಸಂವಿಧಾನದ ಮೂಲ ಹಸ್ತಪ್ರತಿಯನ್ನು ಅವರೂ ಅವರ ಶಿಷ್ಯರೂ ಚಿತ್ರಗಳಿಂದ ಅಲಂಕರಿಸಿದ್ದು ಒಂದು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಗ್ರಾಮಜೀವನದ ಭಿತ್ತಿಚಿತ್ರಫಲಕಗಳನ್ನು ರಚಿಸಿದ್ದು ಮತ್ತೊಂದು. ಈ ಎರಡು ರಾಷ್ಟ್ರೀಯ ಸಂದರ್ಭಗಳ ಪ್ರಭೆಯಲ್ಲಿ, ಅವರ ಬದುಕಿನ ಸುಮಾರು ಮೂರು ದಶಕಗಳನ್ನು ಆವರಿಸಿಕೊಂಡ ಕೆಲಸವೇ ಹಿಂದೆ ಸರಿದಿದೆ. ಅದು ಶಾಂತಿನಿಕೇತನದ ಕಲಾಭವನದಲ್ಲಿ ಅವರು ನಡೆಸಿದ ಬೋಧನೆ. ಆ ಬೋಧನೆಯ ಕೇಂದ್ರದಲ್ಲಿದ್ದ ಒಂದು ಪ್ರಶ್ನೆ ಮೇಲ್ನೋಟಕ್ಕೆ ತೀರ ಸರಳವಾದುದು: ವಿದ್ಯಾರ್ಥಿಯೊಬ್ಬ ಮನುಷ್ಯನ ಆಕೃತಿಯನ್ನು ಬರೆಯಲು ಹೇಗೆ ಕಲಿಯಬೇಕು? ವಸಾಹತುಶಾಹಿ ಭಾರತದಲ್ಲಿ ಇದು ಕೇವಲ ತಂತ್ರದ ಪ್ರಶ್ನೆಯಾಗಿರಲಿಲ್ಲ. ಯಾವ ಮನುಷ್ಯನನ್ನು, ಎಲ್ಲಿ ನಿಂತು, ಯಾವ ಕಣ್ಣಿನಿಂದ ನೋಡಬೇಕು ಎಂಬ ಪ್ರಶ್ನೆಯೂ ಅದರೊಳಗೆ ಅಡಗಿತ್ತು.

ನಂದಲಾಲರು ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಇಂದಿನ ಬಿಹಾರದ ಮುಂಗೇರ್ ಜಿಲ್ಲೆಯ ಹವೇಲಿ ಖರಗ್‌ಪುರದಲ್ಲಿ. ತಂದೆ ಪೂರ್ಣಚಂದ್ರ ಬೋಸರು ದರ್ಭಂಗಾ ಸಂಸ್ಥಾನದ ಸೇವೆಯಲ್ಲಿದ್ದರು. ತಾಯಿ ಕ್ಷೇತ್ರಮಣಿ ದೇವಿಯವರಿಗೆ ಗೊಂಬೆ, ಆಟಿಕೆಗಳನ್ನು ಮಾಡುವ ಕೈಗುಣವಿತ್ತು. ಊರಿನ ಕುಂಬಾರರು ಮತ್ತು ಮೂರ್ತಿಕಾರರ ಕೆಲಸವನ್ನು ನೋಡುತ್ತ ಬಾಲಕ ನಂದಲಾಲನೂ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದ, ಪೂಜೆಯ ಚಪ್ಪರಗಳನ್ನು ಅಲಂಕರಿಸುತ್ತಿದ್ದ. ಹದಿಹರೆಯದಲ್ಲಿ ಓದಿಗಾಗಿ ಕಲ್ಕತ್ತೆಗೆ ಬಂದ ಮೇಲೆ ಕಾಲೇಜು ಶಿಕ್ಷಣ ಅವರಿಗೆ ಒಗ್ಗಲಿಲ್ಲ. ಪರೀಕ್ಷೆಗಳಲ್ಲಿ ಅನುತ್ತೀರ್ಣರಾದರು, ಮನೆಯವರ ಒತ್ತಾಯಕ್ಕೆ ವಾಣಿಜ್ಯ ತರಗತಿಗೂ ಸೇರಿ ನೋಡಿದರು. 1903ರಲ್ಲಿ ಸುಧೀರಾ ದೇವಿಯವರೊಂದಿಗೆ ವಿವಾಹವಾಯಿತು. ಕೊನೆಗೆ 1905ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ, ಅಬನೀಂದ್ರನಾಥ ಠಾಕೂರರ ಶಿಷ್ಯರಾದರು. ಅಲ್ಲಿಂದಾಚೆಗೆ ಅವರ ಜೀವನಚರಿತ್ರೆ ಎಂದರೆ ಬಹುಮಟ್ಟಿಗೆ ಅವರ ನೋಟದ ಚರಿತ್ರೆಯೇ ಆಗಿದೆ.

ಆ ಕಲಾಶಾಲೆಯ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸು, ಕಲ್ಕತ್ತೆ, ಬೊಂಬಾಯಿಗಳಲ್ಲಿ ಬೆಳೆದ ಕಲಾಶಾಲೆಗಳು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮಾದರಿಯ ಪಾಠಕ್ರಮವನ್ನು ಅನುಸರಿಸಿದವು. ಮೊದಲು ರೇಖಾಗಣಿತದ ಆಕಾರಗಳು, ಬಳಿಕ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳು, ನಂತರ ನೆರಳು ಬೆಳಕಿನ ಅಭ್ಯಾಸ, ಕಡೆಯಲ್ಲಿ ಕೂರಿಸಿದ ಜೀವಂತ ಮಾದರಿ ಎಂಬುದು ಅದರ ಕ್ರಮ. ವಿದ್ಯಾರ್ಥಿಯು ಜೀವಂತ ಮನುಷ್ಯನನ್ನು ನೋಡುವ ಹೊತ್ತಿಗೆ ಅವನ ಕಣ್ಣು ಅದಾಗಲೇ ಸುಣ್ಣದ ಮನುಷ್ಯನಿಗೆ ಪಳಗಿರುತ್ತಿತ್ತು. ಹೀಗಾಗಿ ವೀಕ್ಷಣೆ ಎಂದು ಕರೆಯಲಾದ ಕ್ರಿಯೆ ವಾಸ್ತವವಾಗಿ ಇನ್ನೊಬ್ಬರ ವೀಕ್ಷಣೆಯ ಫಲವನ್ನು ನಕಲು ಮಾಡುವ ಕ್ರಿಯೆಯಾಗಿತ್ತು. 1896ರಲ್ಲಿ ಪ್ರಾಂಶುಪಾಲರಾಗಿ ಬಂದ ಇ. ಬಿ. ಹ್ಯಾವೆಲ್ಲರು ಈ ಕ್ರಮವನ್ನು ಒಡೆಯಲು ಯತ್ನಿಸಿ, ಯುರೋಪಿನ ಕೃತಿಗಳ ಪ್ರತಿಗಳನ್ನು ಬದಿಗೊತ್ತಿ, ಮೊಗಲ್ ಮೊದಲಾದ ಭಾರತೀಯ ಕೃತಿಗಳನ್ನು ಮುಂದಿಟ್ಟಾಗ ಅದನ್ನು ವಿರೋಧಿಸಿದವರಲ್ಲಿ ಬಂಗಾಳದ ವಿದ್ಯಾರ್ಥಿಗಳೂ ಪತ್ರಿಕೆಗಳೂ ಇದ್ದದ್ದು ಆ ಕಾಲದ ವಿಪರ್ಯಾಸಗಳಲ್ಲೊಂದು. ಯುರೋಪಿನ ವಿದ್ಯೆಯಿಂದ ತಮ್ಮನ್ನು ದೂರವಿಡಲಾಗುತ್ತಿದೆ ಎಂಬ ಅವರ ಶಂಕೆಯನ್ನು ಸಂಪೂರ್ಣವಾಗಿ ತಳ್ಳಿಹಾಕುವಂತೆಯೂ ಇಲ್ಲ.

ಅಬನೀಂದ್ರನಾಥರು ಈ ಬಿಕ್ಕಟ್ಟಿಗೆ ನೀಡಿದ ಉತ್ತರ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯದು. ಭಾರತೀಯ ಕಲೆಯ ಅಂಗರಚನೆಯನ್ನು ಕುರಿತು ಅವರು ಬರೆದ ಪುಟ್ಟ ಪ್ರಬಂಧ 1914ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಮನುಷ್ಯದೇಹದ ಒಂದೊಂದು ಅಂಗಕ್ಕೂ ನಿಸರ್ಗದಲ್ಲಿ ಒಂದೊಂದು ಸಾದೃಶ್ಯವಿದೆ ಎಂಬುದು ಅಲ್ಲಿನ ಪ್ರತಿಪಾದನೆ: ಹುಬ್ಬಿಗೆ ಬೇವಿನೆಲೆ ಅಥವಾ ಬಿಲ್ಲು, ಕಣ್ಣಿಗೆ ಮೀನು, ಮೂಗಿಗೆ ಎಳ್ಳಿನ ಹೂವು, ಕೊರಳಿಗೆ ಶಂಖ, ಮುಂಡಕ್ಕೆ ಗೋಮುಖ, ನಡುವಿಗೆ ಡಮರು, ತೊಡೆಗೆ ಬಾಳೆಯ ಕಂಬ. ಹಳಗನ್ನಡ ಕಾವ್ಯದ ನಖಶಿಖಾಂತ ವರ್ಣನೆಗಳನ್ನು ಓದಿದವರಿಗೆ ಈ ಪಟ್ಟಿ ಹೊಸತೆನಿಸದು. ಆದರೆ ಕಾವ್ಯದಲ್ಲಿ ಇಂಥ ಉಪಮೆಗಳು ಕವಿಸಮಯಗಳಾಗಿ ಗಟ್ಟಿಗೊಂಡಾಗ ಏನಾಗುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಕೊರಳನ್ನು ನೋಡದೆಯೇ ಶಂಖವೆನ್ನಬಹುದು; ಶಂಖವನ್ನು ನೋಡದೆಯೂ ಹಾಗೆನ್ನಬಹುದು. ಶಾಸ್ತ್ರದ ಲಕ್ಷಣಗಳು ಕಲಾವಿದನಿಗೆ ಸಂಕೋಲೆಯಲ್ಲ ಎಂದು ಅಬನೀಂದ್ರನಾಥರೇ ಎಚ್ಚರಿಸಿದ್ದರೂ, ಅವರ ಸುತ್ತ ಬೆಳೆದ ಬಂಗಾಳ ಪಂಥದ ಅನೇಕ ಚಿತ್ರಗಳಲ್ಲಿ ದೇಹಗಳು ಮಂಜಿನಲ್ಲಿ ಕರಗಿ, ಬೆರಳುಗಳು ಬಳ್ಳಿಗಳಂತೆ ನೀಳವಾಗಿ, ಎಲುಬಿಲ್ಲದ ಆಕೃತಿಗಳು ಹುಟ್ಟಿಕೊಂಡವು. ಒಂದೆಡೆ ಸುಣ್ಣದ ಗ್ರೀಕ್ ದೇಹ, ಇನ್ನೊಂದೆಡೆ ಉಪಮೆಯ ದೇಹ. ಎರಡರ ನಡುವೆಯೂ ಬೀದಿಯಲ್ಲಿ ನಡೆಯುವ ಮನುಷ್ಯ ಬಿಟ್ಟುಹೋಗಿದ್ದ.

ಕಲಾಶಾಲೆಯ ಐದು ವರ್ಷಗಳಲ್ಲಿ ನಂದಲಾಲರು ಗುರುವಿನ ಮಾರ್ಗದಲ್ಲಿಯೇ ನಡೆದರು. ಪುರಾಣದ ವಸ್ತುಗಳೇ ಅವರಿಗೆ ಹೆಸರು ತಂದವು. 1908ರ ಪ್ರಾಚ್ಯಕಲಾ ಸಂಘದ ಪ್ರದರ್ಶನದಲ್ಲಿ ಶಿವ ಮತ್ತು ಸತಿಯರ ಚಿತ್ರಕ್ಕೆ 500 ರೂಪಾಯಿಗಳ ಬಹುಮಾನ ದೊರೆಯಿತು. ಆ ಹಣದಲ್ಲಿ ಅವರು ಪಾಟ್ನಾ, ಕಾಶಿ, ಆಗ್ರಾ, ದೆಹಲಿಗಳನ್ನು ಸುತ್ತಿ, ಮುಂದೆ ದಕ್ಷಿಣದ ದೇವಾಲಯಗಳನ್ನೂ ನೋಡಿ ಬಂದರು. ಈ ಯಾತ್ರೆಗಿಂತಲೂ ನಿರ್ಣಾಯಕವಾದದ್ದು ಅಜಂತಾ. 1909ರಿಂದ 1911ರ ನಡುವಣ ಚಳಿಗಾಲಗಳಲ್ಲಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಕಲಾವಿದೆ ಅಜಂತಾ ಭಿತ್ತಿಚಿತ್ರಗಳನ್ನು ಪ್ರತಿ ಮಾಡುವ ಕೆಲಸ ಕೈಗೊಂಡಿದ್ದರು. ಸಿಸ್ಟರ್ ನಿವೇದಿತಾ ಅವರ ಪ್ರೇರಣೆಯಿಂದ ನಂದಲಾಲರು ಆ ಕೆಲಸಕ್ಕೆ ಹೋದರು. ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಮತ್ತು ಮೈಸೂರಿನ ಕೆ. ವೆಂಕಟಪ್ಪ ಆ ತಂಡದ ಇತರ ಸದಸ್ಯರು. ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿದ್ದ ವೆಂಕಟಪ್ಪನವರು ನಂದಲಾಲರ ಸಹಪಾಠಿಯಾಗಿದ್ದರು ಎಂಬುದು ಕನ್ನಡ ಕಲಾಚರಿತ್ರೆಯಲ್ಲಿ ಸಾಕಷ್ಟು ವಿಸ್ತಾರವಾಗಿ ಚರ್ಚೆಯಾಗಬೇಕಾದ ಸಂಗತಿ.

ಅಜಂತೆಯ ಗೋಡೆಗಳು ನಂದಲಾಲರಿಗೆ ಕಲಿಸಿದ್ದೇನು ಎಂಬುದು ಮುಖ್ಯ. ಅಲ್ಲಿಯ ಬೋಧಿಸತ್ವನ ಹುಬ್ಬು ಶಾಸ್ತ್ರದ ಬಿಲ್ಲೇ ಆಗಿರಬಹುದು. ಆದರೆ ಕಂಬಕ್ಕೊರಗಿ ನಿಂತವಳ ಮಡಿಸಿದ ಕಾಲು, ಹೊರೆ ಹೊತ್ತವನ ಬಾಗಿದ ಕೊರಳು, ಮೂಲೆಯಲ್ಲಿ ಕುಳಿತು ಏನನ್ನೋ ಕೇಳಿಸಿಕೊಳ್ಳುತ್ತಿರುವವರ ಮೈವಾಟ ಇವು ಯಾವ ಶಾಸ್ತ್ರದಿಂದಲೂ ಬಂದವಲ್ಲ. ಯಾರೋ ನೋಡಿದ್ದರು, ನೋಡಿದ್ದನ್ನು ನೆನಪಿಟ್ಟಿದ್ದರು, ದೀಪದ ಬೆಳಕಿನ ಗುಹೆಯಲ್ಲಿ ನಿಂತು ನೆನಪಿನಿಂದ ಗೆರೆಯೆಳೆದಿದ್ದರು. ಭಾರತೀಯ ಕಲೆ ಧ್ಯಾನದಿಂದ ಹುಟ್ಟಿದ್ದು, ಹೊರಗಣ್ಣಿನ ವೀಕ್ಷಣೆಯಿಂದಲ್ಲ ಎಂದು ಆ ಕಾಲದ ಪ್ರಾಚ್ಯವಾದಿ ವಿಮರ್ಶೆ ಸಾರುತ್ತಿತ್ತು. ತಿಂಗಳುಗಟ್ಟಲೆ ಆ ಗೋಡೆಗಳ ಒಂದೊಂದು ಗೆರೆಯನ್ನೂ ಅನುಸರಿಸಿ ಬರೆದ ಕೈಗೆ ಈ ಮಾತು ಅರ್ಧಸತ್ಯವೆಂದು ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಮುಂದೆ 1921ರಲ್ಲಿ ಗ್ವಾಲಿಯರ್ ಸಂಸ್ಥಾನದ ಬಾಘ್ ಗುಹೆಗಳ ಚಿತ್ರಗಳನ್ನು ಪ್ರತಿ ಮಾಡುವ ಕೆಲಸದಲ್ಲಿಯೂ ನಂದಲಾಲರು ತೊಡಗಿದರು.

ಜಪಾನಿನ ಚಿಂತಕ ಒಕಾಕುರಾ ಕಲ್ಕತ್ತೆಗೆ ಬಂದಿದ್ದಾಗ ಮೂರು ಬೆಂಕಿಕಡ್ಡಿಗಳನ್ನು ತ್ರಿಕೋನವಾಗಿ ಜೋಡಿಸಿ, ಕಲೆಗೆ ನಿಸರ್ಗ, ಪರಂಪರೆ ಮತ್ತು ಸ್ವಂತಿಕೆ ಎಂಬ ಮೂರೂ ಬೇಕು ಎಂದು ತೋರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ನಂದಲಾಲರು ಆ ತ್ರಿಕೋನವನ್ನು ಜೀವಮಾನವಿಡೀ ಮರೆಯಲಿಲ್ಲ. ಪರಂಪರೆಯನ್ನು ಅಬನೀಂದ್ರನಾಥರಿಂದಲೂ ಅಜಂತೆಯಿಂದಲೂ ಪಡೆದಿದ್ದವರಿಗೆ ನಿಸರ್ಗದ ಬದಿ ಇನ್ನೂ ಸಡಿಲವಾಗಿಯೇ ಇತ್ತು. ಅದು ಬಿಗಿಯಾದದ್ದು ಶಾಂತಿನಿಕೇತನದಲ್ಲಿ.

ರವೀಂದ್ರನಾಥರ ಆಹ್ವಾನದ ಮೇರೆಗೆ ನಂದಲಾಲರು ಮೊದಲು ಅಲ್ಲಿಗೆ ಹೋದದ್ದು 1914ರಲ್ಲಿ. 1919ರಲ್ಲಿ ಕಲಾಭವನ ಆರಂಭವಾಯಿತು. ಕಲ್ಕತ್ತೆಯ ಪ್ರಾಚ್ಯಕಲಾ ಸಂಘ ಮತ್ತು ಶಾಂತಿನಿಕೇತನಗಳ ನಡುವೆ ಕೆಲಕಾಲ ತೂಗಾಡಿ, ಇಪ್ಪತ್ತರ ದಶಕದ ಆರಂಭದಲ್ಲಿ ಅವರು ಕಲಾಭವನದ ಹೊಣೆ ಹೊತ್ತು ಅಲ್ಲಿಯೇ ನೆಲೆಸಿದರು. ಗುರುವನ್ನು ಬಿಟ್ಟು ಬರುವುದು ಸುಲಭವಾಗಿರಲಿಲ್ಲ. ಅಬನೀಂದ್ರನಾಥರ ಪಾಲಿಗೆ ಅದು ಪ್ರಿಯಶಿಷ್ಯನ ಅಗಲಿಕೆ. ಕಲ್ಕತ್ತೆಯ ವರಾಂಡದಿಂದ ಬೀರಭೂಮಿಯ ಕೆಂಪು ನೆಲಕ್ಕೆ, ಖೋಯಾಯ್ ಎಂದು ಕರೆಯಲಾಗುವ ಕೊರಕಲುಗಳ ಬಯಲಿಗೆ, ಸಂತಾಲರ ಹಳ್ಳಿಗಳ ನೆರೆಗೆ ಬಂದದ್ದು ಕೇವಲ ಸ್ಥಳಾಂತರವಲ್ಲ. ಅದು ನೋಟದ ವಸ್ತುವನ್ನೇ ಬದಲಿಸಿತು. ಗದ್ದೆಯಲ್ಲಿ ನಾಟಿ ಮಾಡುವವರು, ಎತ್ತಿನ ಗಾಡಿಯವರು, ಬುಟ್ಟಿ ಹೊತ್ತು ಸಂತೆಗೆ ಹೋಗುವವರು, ಮದ್ದಳೆ ಬಾರಿಸುವವರು ಕಿಟಕಿಯಾಚೆಯೇ ಇದ್ದರು.

ವಿದ್ಯಾರ್ಥಿಗಳು ಮಾಸ್ಟರ್ ಮಶಾಯ್ ಎಂದು ಕರೆಯುತ್ತಿದ್ದ ನಂದಲಾಲರ ಬೋಧನಾಕ್ರಮದಲ್ಲಿ ಮೊದಲು ಕಾಣುವುದು ಒಂದು ಗೈರುಹಾಜರಿ. ಅಲ್ಲಿ ಪ್ಲಾಸ್ಟರ್ ಅಚ್ಚುಗಳ ಶ್ರೇಣಿಯಿರಲಿಲ್ಲ. ವಿವಸ್ತ್ರ ಮಾದರಿಯನ್ನು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ನಿಲ್ಲಿಸಿ ನೆರಳು ತುಂಬುವ ತರಗತಿಗೂ ಸ್ಥಾನವಿರಲಿಲ್ಲ. ನಿಲ್ಲಿಸಿದ ದೇಹ ಕೆಲಸ ಬಿಟ್ಟ ದೇಹ. ಅದರ ಸ್ನಾಯುಗಳು ಕಾಣುತ್ತವೆ, ಅವು ಯಾತಕ್ಕಾಗಿ ಇವೆಯೆಂಬುದು ಕಾಣುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳು ಸಂತೆಗೆ, ಹೊಲಕ್ಕೆ, ಸಂತಾಲರ ಕೇರಿಗೆ ಹೋಗಬೇಕಾಗಿತ್ತು. ಕಿಸೆಯಲ್ಲಿ ಅಂಚೆಕಾರ್ಡಿನ ಅಳತೆಯ ಕಾಗದ, ಕೈಯಲ್ಲಿ ಪೆನ್ಸಿಲು ಇಲ್ಲವೆ ಕುಂಚ. ಚಲಿಸುತ್ತಿರುವ ಮನುಷ್ಯ ಕಾಯುವುದಿಲ್ಲವಾದ್ದರಿಂದ ಮೂರು ನಾಲ್ಕು ಗೆರೆಗಳಲ್ಲಿ ಅವನ ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಎಲ್ಲಿ ಬಾಗಿದೆ, ತಲೆ ಯಾವ ಕಡೆಗೆ ತೂಗಿದೆ ಎಂಬುದನ್ನು ಹಿಡಿಯುವುದು ಅನಿವಾರ್ಯವಾಗುತ್ತಿತ್ತು. ಅಂಗಾಂಗಗಳ ವಿವರ ಬಳಿಕದ ಮಾತು. ಪಾಠಕ್ಕಾಗಿ ಅವರು ಬರೆದ ರೇಖಾಚಿತ್ರಗಳಲ್ಲಿ ದೇಹವನ್ನು ಕಡ್ಡಿಯಂಥ ಕೆಲವೇ ಗೆರೆಗಳಿಗೆ ಇಳಿಸಿ, ಕೂರುವ, ಎತ್ತುವ, ಎಳೆಯುವ, ಓಡುವ ಭಂಗಿಗಳ ಅಂತಸ್ಸೂತ್ರವನ್ನು ತೋರಿಸಿರುವುದು ಕಂಡುಬರುತ್ತದೆ.

ಎರಡನೆಯ ಹಂತ ನೆನಪಿನದು. ಹೊರಗೆ ನೋಡಿದ್ದನ್ನು ಮನೆಗೆ ಬಂದು, ಎದುರಿಗೆ ಯಾರೂ ಇಲ್ಲದಿರುವಾಗ ಮತ್ತೆ ಬರೆಯಬೇಕು. ಮರೆತುಹೋದ ಭಾಗ ಯಾವುದೋ ಅದನ್ನು ಸರಿಯಾಗಿ ನೋಡಿರಲಿಲ್ಲ ಎಂದರ್ಥ. ಮರುದಿನ ಅದನ್ನೇ ನೋಡಲು ಹೋಗಬೇಕು. ಈ ಕ್ರಮದಲ್ಲಿ ಸ್ಮೃತಿಯೇ ಪರೀಕ್ಷಕ. ವೀಕ್ಷಣೆ ಮತ್ತು ಧ್ಯಾನಗಳನ್ನು ಪರಸ್ಪರ ವಿರುದ್ಧವೆಂದು ಕಂಡ ವಾದಗಳೆರಡೂ ಇಲ್ಲಿ ಸದ್ದಿಲ್ಲದೆ ಕುಸಿಯುತ್ತವೆ. ನೋಡದವನಿಗೆ ಧ್ಯಾನಿಸಲು ಏನೂ ಇರುವುದಿಲ್ಲ. ನೋಡಿದ್ದು ಒಳಗೆ ಉಳಿಯದಿದ್ದರೆ ಅದು ಬರಿಯ ನಕಲು. ಕನ್ನಡದಲ್ಲಿ ಚಿತ್ರವನ್ನು ಬರೆಯುತ್ತೇವೆ ಎನ್ನುವ ರೂಢಿಯಿದೆ. ಕಂಡದ್ದನ್ನು ಮನಸ್ಸಿನಲ್ಲಿ ಓದಿಕೊಂಡು ಗೆರೆಯಾಗಿ ಬರೆಯುವ ನಂದಲಾಲರ ಕ್ರಮಕ್ಕೆ ಈ ಕ್ರಿಯಾಪದ ಯಾವ ಪಾರಿಭಾಷಿಕ ಶಬ್ದಕ್ಕಿಂತಲೂ ಚೆನ್ನಾಗಿ ಒಪ್ಪುತ್ತದೆ.

ಅಂಗರಚನೆಯ ಶಾಸ್ತ್ರವನ್ನು ಅವರು ಕೈಬಿಟ್ಟರೆಂದು ಇದರಿಂದ ತಿಳಿಯಬಾರದು. ಎಲುಬಿನ ಜೋಡಣೆ, ಕೀಲುಗಳ ಮಿತಿ, ಸ್ನಾಯುಗಳ ದಿಕ್ಕು ಇವನ್ನು ತಿಳಿಯಬೇಕೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಅವರ ಬರಹಗಳಲ್ಲಿ ಇದಕ್ಕೆ ಸಂಬಂಧಿಸಿದ ಚಿತ್ರಸಹಿತ ಟಿಪ್ಪಣಿಗಳಿವೆ. ಮರ, ದನ, ಪಕ್ಷಿಗಳ ಅಭ್ಯಾಸವೂ ಮನುಷ್ಯಾಕೃತಿಯ ಅಭ್ಯಾಸದ ಭಾಗವೇ ಆಗಿತ್ತು. ಗುರು ಹೇಳಿಕೊಟ್ಟ ಸಾದೃಶ್ಯದ ತತ್ತ್ವ ಇಲ್ಲಿ ಹೊಸ ಅರ್ಥ ಪಡೆಯಿತೆನ್ನಬಹುದು. ಬಾಳೆಯ ಕಂಬದಂಥ ತೊಡೆ ಎಂಬುದು ವಿದ್ಯಾರ್ಥಿ ಕಂಠಪಾಠ ಮಾಡಬೇಕಾದ ಸೂತ್ರವಲ್ಲ. ಬಾಳೆಯನ್ನೂ ತೊಡೆಯನ್ನೂ ಬೇರೆ ಬೇರೆಯಾಗಿ ಬರೆದು, ಎರಡರಲ್ಲಿಯೂ ಒಂದೇ ಬಗೆಯ ಬೆಳವಣಿಗೆ ಇದೆಯೇ ಎಂದು ಸ್ವತಃ ಪರೀಕ್ಷಿಸಬೇಕಾದ ಊಹೆ. 1940ರಿಂದ 1942ರವರೆಗೆ ಅಲ್ಲಿ ಕಲಿತ ಸತ್ಯಜಿತ್ ರಾಯ್ ಅವರು, ಮರವನ್ನು ಮೇಲಿನಿಂದ ಕೆಳಗೆ ಬರೆಯುತ್ತಿದ್ದ ತಮ್ಮನ್ನು ನಂದಲಾಲರು ತಡೆದು, ಮರ ಬೆಳೆಯುವುದು ಬುಡದಿಂದ ಮೇಲಕ್ಕಾದ್ದರಿಂದ ಕುಂಚವೂ ಹಾಗೆಯೇ ಚಲಿಸಬೇಕೆಂದು ತಿದ್ದಿದ್ದನ್ನು ನೆನೆದಿದ್ದಾರೆ. ನೋಡುವ ವಸ್ತುವಿನ ಹೊರ ಅಂಚಿಗಲ್ಲ, ಅದರ ಒಳಚಲನೆಗೆ ಗೆರೆ ನಿಷ್ಠವಾಗಿರಬೇಕೆಂಬುದು ಈ ತಿದ್ದುಪಡಿಯ ಸಾರ. ನಂದಲಾಲರು ಇದನ್ನು ಪ್ರಾಣಛಂದ ಎಂಬ ಪದದಿಂದ ಗುರುತಿಸಿದರು. 1924ರಲ್ಲಿ ರವೀಂದ್ರರೊಡನೆ ಚೀನಾ ಮತ್ತು ಜಪಾನ್‌ಗಳಲ್ಲಿ ಕೈಗೊಂಡ ಪ್ರವಾಸ ಈ ಕಲ್ಪನೆಗೆ ಬಲ ನೀಡಿತು. ಪ್ರಾಚೀನ ಚೀನಾದ ಚಿತ್ರಸೂತ್ರಗಳಲ್ಲಿ ಮೊದಲನೆಯದೇ ಜೀವಲಯವನ್ನು ಕುರಿತದ್ದು.

ನೃತ್ಯವಿಲ್ಲದೆ ಚಿತ್ರ ಅರ್ಥವಾಗದು ಎಂಬ ವಿಷ್ಣುಧರ್ಮೋತ್ತರ ಪುರಾಣದ ಅಭಿಪ್ರಾಯ ಕನ್ನಡದ ಕಾವ್ಯಮೀಮಾಂಸಕರಿಗೂ ಪರಿಚಿತವಾದುದು. ಆ ಪುರಾಣದ ಚಿತ್ರಕಲಾ ಭಾಗವನ್ನು ಇಂಗ್ಲಿಷಿಗೆ ತಂದ ಸ್ಟೆಲ್ಲಾ ಕ್ರಾಮ್ರಿಶ್ ಅವರು ಇಪ್ಪತ್ತರ ದಶಕದ ಆರಂಭದಲ್ಲಿ ಶಾಂತಿನಿಕೇತನದಲ್ಲಿ ಕಲೆಯ ಚರಿತ್ರೆಯನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಅದೇ ಆವರಣದಲ್ಲಿ ರವೀಂದ್ರರ ನೃತ್ಯನಾಟಕಗಳು ನಡೆಯುತ್ತಿದ್ದವು. ಅವುಗಳಿಗೆ ರಂಗಸಜ್ಜಿಕೆ, ವೇಷಭೂಷಣಗಳನ್ನು ರೂಪಿಸುತ್ತಿದ್ದವರು ನಂದಲಾಲರು ಮತ್ತು ಅವರ ವಿದ್ಯಾರ್ಥಿಗಳು. ಹೀಗೆ ಹೊಲದಲ್ಲಿ ದುಡಿಯುವ ದೇಹ, ರಂಗದ ಮೇಲೆ ಕುಣಿಯುವ ದೇಹ, ಅಜಂತೆಯ ಗೋಡೆಯ ಮೇಲಿನ ದೇಹ ಈ ಮೂರನ್ನೂ ಒಟ್ಟಿಗೆ ನೋಡುವ ಅವಕಾಶ ಅಂದಿನ ಭಾರತದ ಬೇರಾವ ಕಲಾಶಾಲೆಯಲ್ಲಿಯೂ ಇಷ್ಟು ಸಹಜವಾಗಿ ಒದಗಿರಲಾರದು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಡೇರೆಗಳಲ್ಲಿ ತಂಗಿ, ಒಟ್ಟಿಗೆ ಅಡುಗೆ ಮಾಡಿಕೊಂಡು, ದಿನವಿಡೀ ಬರೆಯುವ ಪ್ರವಾಸಗಳೂ ಪಾಠಕ್ರಮದ ಅಂಗವಾಗಿದ್ದವು.

ಈ ಕ್ರಮ ನಿಜವಾದ ಪರೀಕ್ಷೆಗೆ ಒಳಗಾದದ್ದು ಇಬ್ಬರು ಶಿಷ್ಯರಲ್ಲಿ. ವಿನೋದಬಿಹಾರಿ ಮುಖರ್ಜಿಯವರು ಕಲಾಭವನವನ್ನು ಸೇರಿದಾಗ ಅವರ ಒಂದು ಕಣ್ಣಿಗೆ ದೃಷ್ಟಿಯೇ ಇರಲಿಲ್ಲ. ಇನ್ನೊಂದು ಕಣ್ಣಿನ ನೋಟ ತೀರ ಮಂದವಾಗಿತ್ತು. ನೋಡುವುದನ್ನೇ ಬುನಾದಿಯಾಗಿಸಿಕೊಂಡ ವಿದ್ಯೆಗೆ ಇಂಥವರನ್ನು ಸೇರಿಸಿಕೊಳ್ಳಬಹುದೇ ಎಂಬ ಅನುಮಾನ ನಂದಲಾಲರಿಗೆ ಬಂದದ್ದು ಸಹಜ. ಆಸಕ್ತಿಯಿಂದ ಕೆಲಸ ಮಾಡುತ್ತಿದ್ದರೆ ತಡೆಯಬೇಕಿಲ್ಲ ಎಂದು ತೀರ್ಮಾನಿಸಿದವರು ರವೀಂದ್ರನಾಥರು. ಗುರುವಿನ ಅನುಮಾನ ಎಷ್ಟು ಪ್ರಾಮಾಣಿಕವಾಗಿತ್ತೋ, ಆಮೇಲೆ ಅವರು ಆ ಶಿಷ್ಯನಿಗೆ ಕಲಿಸಿದ ಶ್ರದ್ಧೆಯೂ ಅಷ್ಟೇ ಪ್ರಾಮಾಣಿಕವಾಗಿತ್ತು. ದೂರದ ವಿವರಗಳನ್ನು ಕಾಣಲಾಗದ ವಿನೋದಬಿಹಾರಿಯವರ ಕಣ್ಣು ಆಕೃತಿಯ ಒಟ್ಟು ನಿಲುವು, ಗುಂಪಿನ ಚಲನೆ, ಖಾಲಿ ಬಯಲಿನಲ್ಲಿ ಒಂಟಿ ಮನುಷ್ಯನ ಸ್ಥಾನ ಇವನ್ನು ಹಿಡಿಯುವುದರಲ್ಲಿ ಪಳಗಿತು. 1946-47ರಲ್ಲಿ ಅವರು ಹಿಂದೀಭವನದ ಗೋಡೆಗಳ ಮೇಲೆ ರಚಿಸಿದ ಮಧ್ಯಯುಗದ ಸಂತರ ಬೃಹತ್ ಭಿತ್ತಿಚಿತ್ರದಲ್ಲಿ ನೂರಾರು ಜನ ನದಿಯಂತೆ ಹರಿಯುತ್ತಾರೆ. ಒಬ್ಬೊಬ್ಬರ ಮುಖ ಅಲ್ಲಿ ಮುಖ್ಯವಲ್ಲ; ನಡಿಗೆ ಮುಖ್ಯ.

ಇನ್ನೊಬ್ಬರು ರಾಮಕಿಂಕರ ಬೈಜ್. ಬಾಂಕುರಾದ ಬಡ ಕುಟುಂಬದಿಂದ ಪತ್ರಕರ್ತ ರಾಮಾನಂದ ಚಟರ್ಜಿಯವರ ಮೂಲಕ 1925ರಲ್ಲಿ ಬಂದವರು. ಇವರೊಡನೆ ನಂದಲಾಲರ ಸಂಬಂಧ ಪ್ರೀತಿ ಮತ್ತು ಭಿನ್ನಮತಗಳೆರಡರಿಂದಲೂ ಕೂಡಿತ್ತು. ತೈಲವರ್ಣವನ್ನು ಗುರು ಮೆಚ್ಚುತ್ತಿರಲಿಲ್ಲ, ಶಿಷ್ಯ ಬಿಡಲಿಲ್ಲ. ಮಾದರಿಯನ್ನು ಎದುರಿಗೆ ಕೂರಿಸಿಕೊಂಡು ದೇಹದ ಮಾಂಸಲತೆಯನ್ನೂ ಕಾಮವನ್ನೂ ನೇರವಾಗಿ ಎದುರಿಸುವ ರಾಮಕಿಂಕರರ ಹಟ ನಂದಲಾಲರ ಸಂಯಮಕ್ಕೆ ಹೊರತಾಗಿತ್ತು. ಇಲ್ಲಿ ಗುರುವಿನ ಕ್ರಮದ ಕೊರತೆಯನ್ನು ಮುಚ್ಚಿಡುವ ಅಗತ್ಯವಿಲ್ಲ. ನಗ್ನದೇಹದ ಅಧ್ಯಯನವನ್ನು ದೂರವಿಟ್ಟದ್ದಕ್ಕೆ ಶೈಕ್ಷಣಿಕ ಕಾರಣಗಳಿದ್ದಂತೆ ಆಶ್ರಮದ ನೈತಿಕತೆಯ ಕಾರಣಗಳೂ ಇದ್ದಿರಬೇಕು. ಆದರೆ ಅದರಿಂದ ದೇಹದ ಒಂದು ಅನುಭವ ಪಾಠಕ್ರಮದಿಂದಲೇ ಹೊರಗುಳಿಯಿತು. ಹೊರಗುಳಿದದ್ದನ್ನು ರಾಮಕಿಂಕರರು ತಾವಾಗಿಯೇ ಒಳತಂದರು. 1938ರಲ್ಲಿ ಸಿಮೆಂಟು ಮತ್ತು ಕೆಮ್ಮಣ್ಣಿನ ಜಲ್ಲಿಯಿಂದ ಬಯಲಿನಲ್ಲಿಯೇ ಅವರು ನಿಲ್ಲಿಸಿದ ಸಂತಾಲ ಕುಟುಂಬದ ಶಿಲ್ಪ, ಗುರುವಿನ ಪಾಠಕ್ಕೆ ವಿಧೇಯವೂ ಅವಿಧೇಯವೂ ಆದ ಕೃತಿ. ಸಾಮಾನು ಹೊತ್ತು ಬೇರೆ ಊರಿಗೆ ಹೊರಟ ದುಡಿಯುವ ಜನರನ್ನು ನೋಡಿದ ಕಣ್ಣು ನಂದಲಾಲರ ಶಾಲೆಯದು; ಆ ಮೈಗಳ ಒರಟು ಭಾರ ರಾಮಕಿಂಕರರದು.

ಇಲ್ಲಿಯೇ ಇನ್ನೊಂದು ಪ್ರಶ್ನೆಯನ್ನು ಎತ್ತಬೇಕು. ಭದ್ರಲೋಕದ ವಿದ್ಯಾರ್ಥಿಗಳು ಕಾಗದ ಹಿಡಿದು ಸಂತಾಲರ ಕೇರಿಗೆ ಹೋಗಿ ಬರೆದಾಗ, ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬ ಅಂತರ ಇದ್ದೇ ಇತ್ತು. ಕಲಾಶಾಲೆಯ ಕೋಣೆಯಲ್ಲಿ ಕೂಲಿ ಪಡೆದು ನಿಲ್ಲುವ ಮಾದರಿಗೂ, ಕೂಲಿಯಿಲ್ಲದೆ ತನ್ನ ಪಾಡಿಗೆ ಕೆಲಸ ಮಾಡುತ್ತ ಚಿತ್ರಕ್ಕೆ ವಸ್ತುವಾಗುವ ಹೆಂಗಸಿಗೂ ಇರುವ ವ್ಯತ್ಯಾಸವನ್ನು ಆ ಕಾಲದ ಬರಹಗಳು ಚರ್ಚಿಸಿದಂತೆ ತೋರುವುದಿಲ್ಲ. ಬಂಗಾಳದ ಎಷ್ಟೋ ಚಿತ್ರಗಳಲ್ಲಿ ಸಂತಾಲರು ಹಸಿವಿಲ್ಲದ, ಸಾಲವಿಲ್ಲದ, ಸದಾ ಕುಣಿಯುವ ಜನರಾಗಿ ಕಾಣಿಸಿಕೊಂಡರು. ನಂದಲಾಲರ ಅತ್ಯುತ್ತಮ ರೇಖಾಚಿತ್ರಗಳು ಈ ದೋಷದಿಂದ ಬಹುಮಟ್ಟಿಗೆ ಪಾರಾಗಿರುವುದಕ್ಕೆ ಕಾರಣ ಅವರ ಸಿದ್ಧಾಂತವಲ್ಲ, ಅವರ ಶಿಸ್ತು. ಭಾರ ಎತ್ತುವವನ ಬೆನ್ನನ್ನು ಸರಿಯಾಗಿ ಬರೆದಲ್ಲಿ ಭಾರವೂ ಕಾಣಿಸಿಕೊಳ್ಳುತ್ತದೆ.

ನಂದಲಾಲರ ಸ್ವಂತ ಕೃತಿಗಳಲ್ಲಿ ಈ ಅಭ್ಯಾಸದ ಫಲ ಮೂವತ್ತರ ದಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1930ರಲ್ಲಿ ಶ್ರೀನಿಕೇತನದ ಗೋಡೆಯ ಮೇಲೆ ಹಲಕರ್ಷಣದ ಭಿತ್ತಿಚಿತ್ರ ಬಂದಿತು. ಅದೇ ವರ್ಷ ರವೀಂದ್ರರ ಸಹಜ ಪಾಠ ಎಂಬ ಮಕ್ಕಳ ಅಕ್ಷರಪುಸ್ತಕಕ್ಕೆ ಲಿನೋಕಟ್ ಚಿತ್ರಗಳು ಬಂದವು. ದಂಡಿಯಾತ್ರೆಯ ಗಾಂಧೀಜಿಯ ಪ್ರಸಿದ್ಧ ಲಿನೋಕಟ್ ಕೂಡ ಅದೇ ವರ್ಷದ್ದು: ಕಪ್ಪು ನೆಲದ ಮೇಲೆ ಕೆಲವೇ ಬಿಳಿಯ ಗೆರೆಗಳು, ಕೋಲೂರಿ ಮುಂದಿಟ್ಟ ಹೆಜ್ಜೆ. ಮುಖದ ಹೋಲಿಕೆಗಿಂತ ಮೊದಲು ನಡಿಗೆಯೇ ವ್ಯಕ್ತಿಯನ್ನು ಗುರುತಿಸಿಕೊಡುತ್ತದೆ. ಇಪ್ಪತ್ತು ವರ್ಷಗಳ ಹಿಂದಿನ ಶಿವಸತಿಯರ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಬ್ಬನೇ ಕಲಾವಿದ ಎಷ್ಟು ದೂರ ಬಂದಿದ್ದ ಎಂಬುದು ತಿಳಿಯುತ್ತದೆ. ಗಾಂಧೀಜಿಯ ಕೋರಿಕೆಯಂತೆ ಹರಿಪುರಕ್ಕಾಗಿ ರಚಿಸಿದ ಫಲಕಗಳಲ್ಲಿ ಮದ್ದಳೆಯವನು, ಬಡಗಿ, ಚಮ್ಮಾರ, ಹತ್ತಿ ಎಕ್ಕುವವನು, ಮಲ್ಲರು, ಬೇಟೆಗಾರ ಹೀಗೆ ಕಸುಬುಗಳ ದೊಡ್ಡ ಲೋಕವೇ ಇದೆ. ಅವು ಪಟಚಿತ್ರದ ದಪ್ಪ ಗೆರೆ ಮತ್ತು ಸಪಾಟು ಬಣ್ಣಗಳಲ್ಲಿ ತ್ವರಿತವಾಗಿ ಬರೆದವು. ಜಾನಪದ ಶೈಲಿಯ ಅನುಸರಣೆಯೆಂದು ಮಾತ್ರ ಅವುಗಳನ್ನು ವರ್ಗೀಕರಿಸುವ ವಾಡಿಕೆ ಸರಿಯಲ್ಲ. ಆ ಗೆರೆಯ ವೇಗ ಪಟಚಿತ್ರದ್ದಾಗಿರಬಹುದು. ಒಂದೊಂದು ಕಸುಬಿಗೂ ಮೈ ಬೇರೆ ಬೇರೆಯಾಗಿ ಬಾಗುವ ಬಗೆ ಎರಡು ದಶಕಗಳ ಕಾರ್ಡುಗಳಿಂದ ಬಂದದ್ದು.

ಈ ಶಾಲೆಯ ವಿದ್ಯಾರ್ಥಿಗಳು ಬೇರೆ ಬೇರೆ ದಿಕ್ಕುಗಳಲ್ಲಿ ನಡೆದರು. ಕೇರಳದಿಂದ ಬಂದ ಕೆ. ಜಿ. ಸುಬ್ರಮಣ್ಯನ್ ಅವರು ಬರೋಡದಲ್ಲಿ ಈ ಕ್ರಮವನ್ನು ಹೊಸ ಕಾಲಕ್ಕೆ ಹೊಂದಿಸಿದ್ದಲ್ಲದೆ, ನಂದಲಾಲರ ಬರಹಗಳ ಸಂಕಲನವಾದ ದೃಷ್ಟಿ ಓ ಸೃಷ್ಟಿಯನ್ನು ಇಂಗ್ಲಿಷಿಗೆ ತಂದರು. ಧಾರವಾಡದಲ್ಲಿ ಜನಿಸಿದ ದಿನಕರ ಕೌಶಿಕರು ನಂದಲಾಲರಲ್ಲಿ ಕಲಿತು, ಮುಂದೆ ಕಲಾಭವನದ ಮುಖ್ಯಸ್ಥರಾದರು. ಗುರುವನ್ನು ಕುರಿತು ಗ್ರಂಥವನ್ನೂ ಬರೆದರು. ಸತ್ಯಜಿತ್ ರಾಯ್ ಅವರು ಐದು ವರ್ಷಗಳ ಶಿಕ್ಷಣವನ್ನು ಪೂರ್ಣಗೊಳಿಸದೆ ಹೊರಟುಹೋದರು. ಆದರೆ ಅವರ ಚಲನಚಿತ್ರಗಳ ದೃಶ್ಯಟಿಪ್ಪಣಿ ಪುಸ್ತಕಗಳನ್ನು ನೋಡಿದವರಿಗೆ ಅವರು ಎಲ್ಲಿ ಕಲಿತಿದ್ದರೆಂಬುದನ್ನು ಹೇಳಬೇಕಾಗಿಲ್ಲ. ಇದರ ಇನ್ನೊಂದು ಮುಖವೂ ಇದೆ. ಎರಡು ಕುಂಚದೆಳೆತಗಳಲ್ಲಿ ಸಂತಾಲ ಹೆಂಗಸು, ಮೂರರಲ್ಲಿ ಎಮ್ಮೆ ಎಂಬ ಸಿದ್ಧಶೈಲಿಯೊಂದು ಶಾಂತಿನಿಕೇತನದ ಹೆಸರಿನಲ್ಲಿ ಹಬ್ಬಿತು. ಗುರು ನೋಡಿ ಕಂಡುಕೊಂಡ ಗೆರೆಯನ್ನು ನೋಡದೆ ಎಳೆಯುವವರು ಹುಟ್ಟಿಕೊಂಡಾಗ, ಒಂದು ಕಾಲಕ್ಕೆ ಪ್ಲಾಸ್ಟರ್ ಅಚ್ಚು ಇದ್ದ ಜಾಗದಲ್ಲಿಯೇ ಆ ಗೆರೆಯೂ ಹೋಗಿ ಕುಳಿತಿತು.

1951ರಲ್ಲಿ ನಂದಲಾಲರು ನಿವೃತ್ತರಾದರು. 1954ರಲ್ಲಿ ಪದ್ಮವಿಭೂಷಣ ಬಂದಿತು. ಕೊನೆಯ ವರ್ಷಗಳಲ್ಲಿಯೂ ಕಾರ್ಡುಗಳ ಮೇಲೆ ಮಸಿಯಿಂದ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ. ಪ್ರದರ್ಶನಕ್ಕಾಗಲಿ ಮಾರಾಟಕ್ಕಾಗಲಿ ಉದ್ದೇಶಿಸದೆ, ಪರಿಚಿತರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದ ಚಿತ್ರಗಳೇ ಎಷ್ಟೋ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿರುವ ಅವರ ಸುಮಾರು 7000 ಕೃತಿಗಳಲ್ಲಿ ಇಂಥ ಚಿಕ್ಕ ಚಿತ್ರಗಳ ಪಾಲು ದೊಡ್ಡದು. ಅಜಂತೆಯಲ್ಲಿ ಜೊತೆಗಿದ್ದ ವೆಂಕಟಪ್ಪನವರು ಬೆಂಗಳೂರಿನಲ್ಲಿ ಏಕಾಂತ ಸಾಧಕರಾಗಿ, ಶಿಷ್ಯಪರಂಪರೆಯನ್ನು ಬೆಳೆಸದೆ ಬದುಕಿ 1965ರಲ್ಲಿ ತೀರಿಕೊಂಡರು. ಮರುವರ್ಷ, 1966ರ ಏಪ್ರಿಲ್ 16ರಂದು ನಂದಲಾಲರು ಕಲ್ಕತ್ತೆಯಲ್ಲಿ ನಿಧನರಾದರು. ಒಂದೇ ಗುರುವಿನ ಈ ಇಬ್ಬರು ಶಿಷ್ಯರನ್ನು ಜೊತೆಗಿಟ್ಟು ಅಧ್ಯಯನ ಮಾಡುವ ಕೆಲಸ ಕನ್ನಡದಲ್ಲಿ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ.

ವಿನೋದಬಿಹಾರಿಯವರಿಗೆ ಉಳಿದಿದ್ದ ಅಲ್ಪದೃಷ್ಟಿಯೂ 1957ರಲ್ಲಿ ಶಸ್ತ್ರಚಿಕಿತ್ಸೆಯೊಂದು ವಿಫಲವಾಗಿ ಹೊರಟುಹೋಯಿತು. ಆಮೇಲೆಯೂ ಅವರು ಬರೆದರು, ಕಾಗದ ಕತ್ತರಿಸಿ ಅಂಟಿಸಿದರು, ಮೇಣದಲ್ಲಿ ಪುಟ್ಟ ಆಕೃತಿಗಳನ್ನು ಮಾಡಿದರು. ಗುರು ತೀರಿಕೊಂಡ ಆರು ವರ್ಷಗಳ ಬಳಿಕ, 1972ರಲ್ಲಿ, ಕಲಾಭವನದ ಗೋಡೆಯೊಂದಕ್ಕೆ ಪಿಂಗಾಣಿ ಬಿಲ್ಲೆಗಳ ಭಿತ್ತಿಚಿತ್ರವನ್ನು ರಚಿಸಿದರು. ಅದರಲ್ಲಿ ಕೂತ, ನಿಂತ, ಬಾಗಿದ ಮನುಷ್ಯರಿದ್ದಾರೆ.